ಎಂಟೂ ಇಪ್ಪತ್ತರ ಬಸ್ಸು

ನಾನು ಅಪ್ ಅಂಡ್ ಡೌನ್ ಮನುಷ್ಯ.
ದಾವಣಗೆರೆಯಲ್ಲಿ ಮನೆ, ದುರ್ಗದಲ್ಲಿ ನೌಕರಿ,
ನಡುವೆ ಅರವತ್ತು ಕಿಲೋಮೀಟರು ನೆಪ.

ತಾಲ್ಲೂಕು ಕಚೇರಿಯಲ್ಲಿ ನನ್ನ ಹೆಸರು ಹಿಡಿದು ಯಾರೂ ಕರೆಯುವುದಿಲ್ಲ.
‘ಅಪ್ ಅಂಡ್ ಡೌನ್ ಬಂದ್ರಾ?’ ಹನ್ನೊಂದಕ್ಕೆ.
‘ಅಪ್ ಅಂಡ್ ಡೌನ್ ಹೋದ್ರಾ?’ ನಾಲ್ಕಕ್ಕೆ.
ಇಪ್ಪತ್ತೆರಡು ವರ್ಷದ ನನ್ನ ಸರ್ವಿಸಿನಲ್ಲಿ
ಈ ಮಾತು ದುಡಿದಷ್ಟು ನಾನು ದುಡಿದಿಲ್ಲ.

ಆನಗೋಡಿನಲ್ಲಿ ಟೈರು ಪಂಕ್ಚರ್ ಆಗಿದೆ, ಆಗದೆಯೂ.
ಹೆಬ್ಬಾಳಿನ ಟೋಲಿನಲ್ಲಿ ಸಾಲು ನಿಂತಿದೆ, ನಿಲ್ಲದೆಯೂ.
ಒಂದು ಆಷಾಢದಲ್ಲಿ ಕುರಿಮಂದೆಯೊಂದು
ಹೆದ್ದಾರಿ ದಾಟಲು ಮೂರು ದಿನ ತೆಗೆದುಕೊಂಡಿತು.
ಶಿರಸ್ತೇದಾರ ಗಾದಿಲಿಂಗಪ್ಪನವರು ಆ ಕುರಿಗಳನ್ನು ಎಣಿಸಲಿಲ್ಲ.
ಪಾಪ, ಅವರೂ ಹಿರಿಯೂರಿನಿಂದ ಬರುವವರು.

ಬಸ್ಸಿನ ಮೇಲೆ ಆಣೆ, ಬಸ್ಸು ಒಳ್ಳೆಯದು.
ಒಂಬತ್ತೂ ಮುಕ್ಕಾಲಿಗೆ ದುರ್ಗ ಮುಟ್ಟಿಸುತ್ತದೆ,
ಡ್ರೈವರು ಗಡಿಯಾರ ನುಂಗಿದವನು.
ತಡವಾಗುವುದು ಇಳಿದ ಮೇಲೆ:
ಸ್ಟ್ಯಾಂಡಿನೆದುರಿನ ಹೋಟೆಲು,
ಒಬ್ಬನೇ ಎರಡು ಸಲ ಕುಡಿಯುವ ಬೈಟೂ ಕಾಫಿ,
ಯಾರೋ ಬಿಟ್ಟುಹೋದ ಪೇಪರು, ಅದರಲ್ಲಿ ಯಾರದೋ ನಿಧನ,
ಕಿಟಕಿಯಾಚೆ ಗುಡ್ಡದ ಮೇಲೆ ಗಾಳಿಯಂತ್ರಗಳು.
ಕೆಲವು ತಿರುಗುತ್ತವೆ. ಕೆಲವು ಸುಮ್ಮನೆ ನಿಂತಿರುತ್ತವೆ.
ನಿಂತವನ್ನು ಯಾರೂ ಗದರುವುದಿಲ್ಲ,
ಗಾಳಿ ಇಲ್ಲ ಎಂದರೆ ಮುಗಿಯಿತು.

ಬೋರಕ್ಕ ಬರುತ್ತಿದ್ದದ್ದು ಒಂದು ಅಕ್ಷರಕ್ಕೆ.
ತೀರಿಹೋದ ಗಂಡ ಪಾಲಯ್ಯ,
ಪಹಣಿಯಲ್ಲಿ ಬಾಲಯ್ಯನಾಗಿ ಕೂತಿದ್ದ.
ಪಕಾರ ಬಕಾರಗಳ ನಡುವೆ ಎಷ್ಟು ದೂರ?
ನನ್ನ ಟೇಬಲ್ಲಿನ ಲೆಕ್ಕದಲ್ಲಿ
ಹತ್ತು ಸಲ ಬಂದುಹೋಗುವಷ್ಟು.

ಹನ್ನೊಂದನೇ ಸಲ, ಸೋಮವಾರ,
ಮೆಟ್ಟಿಲ ಮೇಲೆ ಕೂತಿದ್ದಳು, ಮಡಿಲಲ್ಲಿ ಪ್ಲಾಸ್ಟಿಕ್ ಕವರು.
ಹೊಸ ತಹಶೀಲ್ದಾರರು ಬಾಗಿಲಲ್ಲೇ ನಿಂತಿದ್ದರು,
ಕೈಯಲ್ಲಿ ಹಾಜರಿ ಪುಸ್ತಕ.
‘ಬಸ್ಸು ಲೇಟು ಸಾರ್’ ಎಂದೆ.
ಎಂಜಲು ನುಂಗಿದಷ್ಟು ಸಲೀಸು.

‘ಹೌದು ಸಾಮಿ’ ಎಂದಳು ಬೋರಕ್ಕ, ಕೇಳದಿದ್ದರೂ.
‘ನಾನೂ ಅದೇ ಬಸ್ಸು. ಭರಮಸಾಗರದಾಗೆ ಹತ್ತಿದೆ.
ಇವರ ಹಿಂದಿನ ಸೀಟು.
ಶಾನೆ ಲೇಟು.’

ತಹಶೀಲ್ದಾರರು ಒಳಗೆ ಹೋದರು.
ನಾನು ಅವಳನ್ನು ನೋಡಲಿಲ್ಲ. ಅವಳ ಕಾಲು ನೋಡಿದೆ,
ಸ್ಟ್ಯಾಂಡಿನಿಂದ ನಡೆದು ಬಂದ ಧೂಳು
ಆಗಲೇ ಒಣಗಿ, ಉದುರಿ,
ಮೆಟ್ಟಿಲ ಮೇಲೆ ಸಣ್ಣಗೆ ಕೂತಿತ್ತು.

ಇಲ್ಲಿಗೆ ನಾನು ತಿದ್ದಿಕೊಂಡೆ, ಅಕ್ಷರವನ್ನೂ ತಿದ್ದಿದೆ
ಎಂದು ಬರೆದರೆ ಚೆನ್ನಾಗಿರುತ್ತದೆ.
ಅವತ್ತು ಸರ್ವರ್ ಇರಲಿಲ್ಲ. (ಇತ್ತು.)
ನಾಲ್ಕೂ ಹತ್ತಕ್ಕೆ ಬ್ಯಾಗು ಹೆಗಲಿಗೇರಿಸಿದೆ.

ಬಸ್ಸಿನಲ್ಲಿ ಮತ್ತೆ ಅವಳೇ,
ಕೈಯಲ್ಲಿ ಸೊನ್ನೆ ರೂಪಾಯಿಯ ಟಿಕೇಟು.
‘ಬಾ ಸಾಮಿ, ಕೂತ್ಕ’ ಎಂದು ಸರಿದಳು.
ಸೆರಗಿನಲ್ಲಿ ಕಟ್ಟಿದ್ದ ಹುರಿದ ಶೇಂಗಾ ಬಿಚ್ಚಿ
ಅರ್ಧ ನನ್ನ ಅಂಗೈಗೆ ಸುರಿದಳು.
‘ದಿನಾ ಓಡಾಡ್ತೀಯ, ಮೈ ನೊಂದಿರ್ತೈತೆ.’

ಬೈಯಬಹುದಿತ್ತು. ಬೈದಿದ್ದರೆ
ಅದಕ್ಕೂ ನನ್ನಲ್ಲಿ ಒಂದು ಉತ್ತರವಿತ್ತು.
ಶೇಂಗಾಕ್ಕೆ ಇರಲಿಲ್ಲ.
ಸಿಪ್ಪೆ ಊದಲೂ ಹಿಂಜರಿಕೆಯಾಗಿ
ಸಿಪ್ಪೆ ಸಮೇತ ಅಗಿದೆ.

ಭರಮಸಾಗರದಲ್ಲಿ ಇಳಿಯುತ್ತಾ ತಿರುಗಿದಳು.
‘ಬೆಳಗ್ಗೆ ಶಾನೆ ರಶ್ಶು, ನಿಂತೇ ಬತ್ತೀನಿ ಒಂದೊಂದಪ.
ನೀನು ಮೊದ್ಲು ಹತ್ತೋನು.
ನಾಳೀಕೆ ನಂಗೊಂದು ಸೀಟು ಹಿಡ್ದಿರು.’

ನಾಳೆಯೂ ಬರಬೇಕೆಂದು ಅವಳಿಗೆ ಗೊತ್ತಿತ್ತು,
ಯಾರೂ ಹೇಳದೆ.

ಇವತ್ತು ಪಕ್ಕದ ಸೀಟಿಗೆ ಕರ್ಚೀಫು ಹಾಕಿದ್ದೇನೆ.
ಇಬ್ಬರು ಬಂದು ಕೇಳಿದರು, ‘ಬರ್ತಾರೆ’ ಎಂದೆ.
ಆನಗೋಡು ದಾಟಿತು. ಟೋಲು ದಾಟಿತು,
ಸಾಲೇ ಇರಲಿಲ್ಲ.
ಗಂಟೆ ಒಂಬತ್ತು. ಭರಮಸಾಗರ ಇನ್ನೇನು ಬಂತು.
ಇನ್ನೂ ಒಂದು ಸುಳ್ಳೂ ಹೊಳೆದಿಲ್ಲ.