ಬಲಕ್ಕೆ ಹೊಲಿದ ಪುಸ್ತಕ

ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾ, ಹತ್ತನೇ ನಂಬರು,
ಟೈರಿನಂಗಡಿಯ ಹಿಂದೆ ಗುಲ್‌ಜರೀನನ ಬೈಂಡಿಂಗು.
ಅವನಿಗೆ ಕನ್ನಡ ಬಾರದು, ನನಗೆ ಪಶ್ತೋ.
ನಡುವೆ ಒಂದಿಷ್ಟು ಮುರುಕು ಹಿಂದಿ,
ಒಂದು ಡಬ್ಬ ಅಂಟು.

ಮೂವತ್ತು ಪ್ರತಿ ಸಾಕು, ಅಂದಿದ್ದೆ.
ಬೆಳಿಗ್ಗೆ ಶಾಲೆಯ ಬಸ್ಸು, ಎಂಟನೇ ತರಗತಿಗೆ ಒತ್ತಕ್ಷರ;
ಮಧ್ಯಾಹ್ನ ತಿದ್ದಬೇಕಾದ ನೋಟುಬುಕ್ಕುಗಳ ಮರೆಯಲ್ಲಿ
ಕದ್ದು ಬರೆದ ಕತೆಯ ಎರಡು ಸಾಲು;
ರಾತ್ರಿ, ಎ.ಸಿ. ಗೊರಕೆ ಹೊಡೆಯುವ ಒಂಟಿ ಕೋಣೆಯಲ್ಲಿ
‘ಷ್ಟ್ರ’ದ ಬಾಲ ಕೆಳಸಾಲಿನ ನೆತ್ತಿಗೆ ತಾಗದ ಹಾಗೆ
ಸಾಲಿಗೂ ಸಾಲಿಗೂ ಜಾಗ ಬಿಡಿಸುತ್ತ ಕೂತೆ.
ಅಂಚು ಧಾರಾಳ ಇಟ್ಟೆ.
ಬಾಡಿಗೆ ಕೊಡಬೇಕಿಲ್ಲವಲ್ಲ, ಪುಟದೊಳಗೆ.

ಮುಖಪುಟಕ್ಕೆ ಮೀನುಪೇಟೆಯ ನೀಲಿ:
ಕ್ರೇಟಿನ ಪ್ಲಾಸ್ಟಿಕ್ಕಿನದು, ಕಡಲಿನದಲ್ಲ.
ಪ್ರಿಂಟರು ಮೂರು ಸಲ ಹಸಿರು ತಂದ.
ನಾಲ್ಕನೇ ಸಲ
ನಾನು ಕ್ರೇಟನ್ನೇ ಹೊತ್ತು ಹೋದೆ.

ಗುರುವಾರ ಸಂಜೆ ಕಟ್ಟು ಬಿಚ್ಚಿದರೆ
ಮೂವತ್ತಕ್ಕೆ ಮೂವತ್ತೂ ಬೆನ್ನು ಬಲಕ್ಕೆ.
ತೆರೆದೊಡನೆ ಕೊನೆಯ ಪುಟ.
“ಪುಸ್ತಕ ಅಲ್ವಾ ಬಾಜಿ,” ಗುಲ್‌ಜರೀನ್ ನಕ್ಕ,
“ಪುಸ್ತಕ ತೆರೆಯೋದು ಹೀಗೇ.”
ಬೈಗುಳ ಹುಡುಕಿದೆ, ಹಿಂದಿಯಲ್ಲಿ ಸಿಗಲಿಲ್ಲ.
ಕುಂದಾಪುರದ್ದೇ ಬಂತು.
ಅವನು ಚಹಾ ತರಿಸಿದ.

ವಾರವಿಡೀ ಅವು ಮಂಚದಡಿ, ಅಕ್ಕಿ ಚೀಲದ ಪಕ್ಕ.
ಒಂದು ಮಾತ್ರ, ಯಾಕೋ, ನನ್ನ ಜೊತೆ ಶಾಲೆಗೆ ಬಂದಿತ್ತು.
‘ಳ’ ಬಾರದೆ ‘ಲ’ ಅನ್ನುವ ಜೋವಿಟಾ
ಅದನ್ನು ಮೇಜಿನಿಂದೆತ್ತಿ
ಬೆನ್ನು ಇದ್ದಂತೆಯೇ ಹಿಡಿದು ಓದುತ್ತ ಹೋದಳು,
ಒಂದೊಂದೇ ಪುಟ, ಬೆರಳಿಟ್ಟು,
ಹಿಂದಿನದು, ಅದರ ಹಿಂದಿನದು.
ಬೆಲ್ಲು ಹೊಡೆದ ಮೇಲೂ ನಿಂತಿದ್ದಳು.
“ಟೀಚರ್, ಆ ಕ್ರೇನಿನವನು ಕೊನೆಗೆ ಮನೆಗೆ ಬಂದು
ಬೂಟು ಬಿಚ್ಚಿ ಊಟಕ್ಕೆ ಕೂತ್ಕೊಲ್ತಾನೆ, ಅಲ್ವಾ?”

ನಾನು ಬರೆದದ್ದು:
ಮೊದಲ ಪುಟದಲ್ಲಿ ಊಟ. ಹನ್ನೊಂದರಲ್ಲಿ ಗಾಳಿ.
ಹದಿನಾಲ್ಕರಲ್ಲಿ ಅವನ ಹೆಸರು,
ಕಂಪನಿಯ ಕಾಗದದ ಮೇಲೆ, ತಪ್ಪು ಸ್ಪೆಲ್ಲಿಂಗಿನಲ್ಲಿ.

ಜೋವಿಟಾಳ ಅಪ್ಪ ಬಂದರಿನಲ್ಲಿ
ಯಾವ ಎತ್ತರದಲ್ಲಿ ಕೂತು ಕೆಲಸ ಮಾಡುತ್ತಾನೆಂದು ನನಗೆ ಗೊತ್ತು.

“ಸರಿಯಾಗಿ ಹೇಳು,” ಅಂದೆ, “ಕೂತ್ಕೊಳ್ತಾನೆ.”
ನಾಲಗೆ ಮಡಚಿದಳು, ಮತ್ತೆ ಮಡಚಿದಳು.
ಬಂತು, ಹೆಚ್ಚುಕಮ್ಮಿ.

ಸಂಜೆ ಗುಲ್‌ಜರೀನನಿಗೆ ಫೋನು:
ಇಪ್ಪತ್ತೊಂಬತ್ತು ತರ್ತೇನೆ, ಬಿಚ್ಚಿ ಹೊಲಿ.
ಲೆಕ್ಕ ತಪ್ಪಿದೆ ಬಾಜಿ, ಅಂದ.
ಇಲ್ಲ, ಅಂದೆ.