ನಾಲ್ಕು ಲೋಟ

ದಿನಕ್ಕೆ ನಾಲ್ಕೇ ಲೋಟ ಅಂದರು ಡಾಕ್ಟರು,
ಸಾರು, ಚಾ, ಮಾತ್ರೆ ನುಂಗುವ ಗುಟುಕು, ಎಲ್ಲ ಸೇರಿ.
ದಾವಣಗೆರೆಯ ಏಪ್ರಿಲ್ಲಿಗೆ ಈ ಲೆಕ್ಕ ಹೇಳುವವರು ಯಾರು?

ಇಪ್ಪತ್ತೆರಡು ವರ್ಷ ಮಂಡಕ್ಕಿ ಭಟ್ಟಿಯ ಮುಂದೆ ನಿಂತವನು ಜೀವರತ್ನ.
ಕಾದ ಮರಳಿಗೆ ಅಕ್ಕಿ ಸುರಿದು, ಅರಳಿದ್ದನ್ನು ಜರಡಿಗೆ ಬಳಿದು,
ಬೆವರೂ ಬತ್ತಿದಾಗ ಹೂಜಿ ಎತ್ತಿ
ಗಟಗಟ ಕುಡಿಯುತ್ತಿದ್ದ, ಎದೆಯ ಮೇಲೂ ಚೆಲ್ಲಿಕೊಂಡು.
ಆ ಗಂಟಲ ಮಣಿ ಏರಿಳಿಯುವುದ ನೋಡಿಯೇ
ನಾನು ಮದುವೆಗೆ ಹೂಂ ಅಂದದ್ದು.
ಸಭೆಯಲ್ಲಿ ಸಾಕ್ಷಿ ಹೇಳುವಾಗ ಇದನ್ನು ಬಿಟ್ಟಿದ್ದೇನೆ.

ಈಗ ವಾರಕ್ಕೆ ಮೂರು ಸಲ
ಅವನ ರಕ್ತ ನಳಿಗೆಯಲ್ಲಿ ಹೊರಗೆ ಬಂದು, ತೊಳೆದುಕೊಂಡು,
ಮನೆಗೆ ಮರಳುತ್ತದೆ.
ನಾನು ಹೊರಗೆ ಕಬ್ಬಿಣದ ಬೆಂಚಿನ ಮೇಲೆ.

ಮೊದಲ ವರ್ಷ ನನ್ನ ಪ್ರಾರ್ಥನೆಯೆಂದರೆ ಕಿರಾಣಿ ಚೀಟಿ:
ಕಿಡ್ನಿ ಒಂದು, ಸಾಲಕ್ಕೆ ಇಷ್ಟು,
ಅತ್ತಿಗೆಯ ಬಾಯಿಗೆ ಬೀಗ ಒಂದು.
ಯಾವುದೂ ಬರಲಿಲ್ಲ.
ಬಳಿಕ ಸೋತು, ಬುದ್ಧಿಯನ್ನಾದರೂ ಕೊಡು ಸ್ವಾಮಿ ಅಂದೆ,
ಎಲ್ಲ ಮುಗಿದ ಅಂಗಡಿಯಲ್ಲಿ
ಬೆಲ್ಲವಾದರೂ ಇದೆಯಾ ಎಂದು ಕೇಳುವ ಹಾಗೆ.

ಬುದ್ಧಿಯೆಂದರೆ ದೀಪ ಹತ್ತಿದಂತೆ ಬರುವುದು ಅಂದುಕೊಂಡಿದ್ದೆ.
ಬಂದದ್ದು, ಕಾಲಿನ ಬಾವನ್ನು ಹೆಬ್ಬೆರಳಲ್ಲಿ ಒತ್ತಿ
ಕುಳಿ ಎಷ್ಟು ಹೊತ್ತು ನಿಂತೀತು ಎಂದು ಎಣಿಸುವುದು.
ಉಪ್ಪಿಲ್ಲದ ಸಾರಿಗೆ ಬೆಳ್ಳುಳ್ಳಿ ಎಷ್ಟು ಎಂಬುದು.
ಅದೂ ತಡವಾಗಿ.

ಒಂದು ರಾತ್ರಿ ಎರಡಕ್ಕೆ ಬಚ್ಚಲಲ್ಲಿ ಸದ್ದು.
ಕುಡಿಯುವ ನೀರು ನಾನು ಬಚ್ಚಿಟ್ಟಿದ್ದೆನಲ್ಲ,
ಕಾಲು ತೊಳೆಯುವ ತೊಟ್ಟಿಗೆ ಬಾಯಿ ಹಚ್ಚಿದ್ದ
ಮೊಣಕಾಲೂರಿ, ದನದ ಹಾಗೆ.
ಕಿರುಚಿದೆ. ಏನೆಂದು ಕಿರುಚಿದೆನೋ
ದೇವರೊಬ್ಬನಿಗೇ ಹೇಳಿದ್ದೇನೆ.
ಬೆಳಗಾಗುವಷ್ಟರಲ್ಲಿ ಉಸಿರು ಕಟ್ಟಿ, ಆಟೋ, ಆಕ್ಸಿಜನ್.

"ನೀರು ಬಚ್ಚಿಟ್ರೆ ನೀರಡಿಕೆ ಹುಡುಕ್ಕೊಂಡು ಹೋಗ್ತದೆ"
ಅಂದಳು ಜೈತೂನ್‌ಬೀ, ಭಟ್ಟಿಯ ಯಜಮಾನಿ,
ರೋಜಾ ಹಿಡಿದು ಬೆಂಕಿಯ ಮುಂದೆ ಕೂತವಳು, ತುಟಿ ಒಡೆದು.
"ಗಂಟಲಲ್ಲಿರೋದು ಸ್ವಲ್ಪ. ಎಣಿಸೋದ್ರಲ್ಲಿರೋದೇ ಜಾಸ್ತಿ.
ಲೋಟ ಅವನ ಕೈಗೇ ಕೊಡು, ಸಲೋಮಿ. ಕಾವಲು ಬಿಡು."
ನಾನು ಬೇಡಿದ್ದಕ್ಕೆ ಉತ್ತರ ಆ ಬಾಯಿಂದ ಬಂತೆಂದು
ತಿಳಿಯಲು ಹದಿನೈದು ದಿನ ಹಿಡಿಯಿತು.

ಶುಭ ಶುಕ್ರವಾರ. ಮೂರು ತಾಸಿನ ಆರಾಧನೆ,
ಶಿಲುಬೆಯ ಏಳು ಮಾತಿಗೆ ಏಳು ಮಂದಿ.
ಐದನೆಯದು, ನೀರಡಿಕೆಯ ಮಾತು,
ಹರಿಹರದಿಂದ ಬಂದ ಬೋಧಕರ ಪಾಲಿಗೆ.
ಅದು ಆತ್ಮಗಳಿಗಾಗಿ ದಾಹ, ಲೋಕದ ರಕ್ಷಣೆಗಾಗಿ ದಾಹ
ಎನ್ನುತ್ತಾ ನಡುನಡುವೆ ಬಾಟಲಿ ತೆರೆದು ಗುಟುಕರಿಸಿದರು.
ಫ್ಯಾನು ಬಿಸಿಗಾಳಿಯನ್ನೇ ತಿರುವಿ ಹಾಕುತ್ತಿತ್ತು.
ಜೀವರತ್ನ ನನ್ನ ಕಿವಿಗೆ ಬಗ್ಗಿ,
"ಅಲ್ಲ ಬಿಡೇ, ಅವ್ನು ನೀರೇ ಕೇಳಿದ್ದು" ಅಂದ.
ವರ್ಷವಿಡೀ ಅಳದೆ ತಡೆದವಳು
ನಗಲು ಹೋಗಿ ಸೆರಗು ಕಚ್ಚಿಕೊಂಡೆ.
ಮುಂದಿನ ಎರಡು ಮಾತು ನನಗೆ ಕೇಳಿಸಲೇ ಇಲ್ಲ.

ಮನೆಗೆ ಬಂದು ಎಂದಿನಂತೆ ಬಾಗಿಲ ಹಿಂದೆ
ನೀರು ಕುಡಿಯುತ್ತಿದ್ದೆ, ಕಳ್ಳಿಯ ಹಾಗೆ, ಸದ್ದಾಗದಂತೆ.
ಎರಡು ವರ್ಷದ ಅಭ್ಯಾಸ. ಅವನಿಗೆ ಗೊತ್ತಿಲ್ಲವೆಂದುಕೊಂಡಿದ್ದೆ.
"ಇಲ್ಲಿ ಬಾ. ನನ್ನ ಮುಂದೆ ಕುಡಿ" ಅಂದ.
"ಎತ್ತಿ ಕುಡಿ. ಸದ್ದು ಕೇಳ್ಲಿ."

ಭಟ್ಟಿಯ ಹಳೇ ಹೂಜಿ ಎತ್ತಿದೆ.
ಅವನು ಕಣ್ಣು ಮುಚ್ಚಿಕೊಂಡ, ಊಟಕ್ಕೆ ಮೊದಲು ಮುಚ್ಚುವ ಹಾಗೆ.
ನನ್ನ ಒಂದೊಂದು ಗುಟುಕಿಗೂ
ಅವನ ಗಂಟಲ ಮಣಿ ಏರಿತು, ಇಳಿಯಿತು.
ಕಿಟಕಿಯ ಕಟ್ಟೆಯ ಮೇಲೆ ಅವನ ನಾಲ್ಕನೆಯ ಲೋಟ
ಇನ್ನೂ ಅರ್ಧ ಇತ್ತು.