ಕೇಳಿದರೆ ಮಾತ್ರ

ವಿಲ್ಮೋರ್ ಡೌನ್ಸ್ ನನಗೆ ಮೊದಲು ಕಲಿಸಿದ್ದು ನಿಲ್ಲುವುದನ್ನು.
ಪರ್ಲ್ ಲಗೂನಿನ ಮೈದಾನ, ಬೆಳಗಿನ ಏಳು,
ಏಡಿಗಳಿನ್ನೂ ಹೋಮ್ ಪ್ಲೇಟ್ ದಾಟುತ್ತಿದ್ದ ಹೊತ್ತು.
ಹಿಮ್ಮಡಿಯಿಂದ ಮಣ್ಣಿನಲ್ಲಿ ಗೀರೆಳೆದು ಹೇಳಿದ:
"ಇಲ್ಲಿ. ಬೇಸಿಗೆ ಆರು ಹೆಜ್ಜೆ. ಇನ್ನೂ ಹತ್ತಿರ ಹೋಗಬೇಡ ಸೆಲ್ಮೀರ,
ಮೂಗಿಗೆ ತಾಗಿಸಿಕೊಂಡರೆ ಕಾಗದ ಓದಲಾದೀತೇ?
ಚೆಂಡು ಬರುವ ದಾರಿಗೆ ಅಡ್ಡವಾಗಿ ನಿಲ್ಲು.
ದೂರವನ್ನು ಕ್ಷಮಿಸಬಹುದು, ಕೋನವನ್ನಲ್ಲ."

ಆಮೇಲೆ, ಕಣ್ಣು ಕಾಲಿನ ಮೇಲೆ, ಕಿವಿ ಗ್ಲೌಸಿನ ಮೇಲೆ.
ಬೇಸ್ ತುಳಿಯುವ ಷೂ ನೋಡು,
ತೊಗಲಿಗೆ ಚೆಂಡು ಬಿದ್ದ ಸದ್ದು ಕೇಳು,
ಯಾವುದು ಮೊದಲೋ ಅದು ತೀರ್ಪು.
"ಎರಡೂ ಒಟ್ಟಿಗೇ ಆದರೆ?"
"ಒಟ್ಟಿಗೆ ಅನ್ನುವುದು ಬೇಲಿಯಾಚೆ ಕೂತವರ ಮಾತು.
ಸರಿಯಾಗಿ ನಿಂತವರಿಗೆ ಒಂದು ಮೊದಲು, ಒಂದು ಆಮೇಲೆ."

ಆ ಭಾನುವಾರ ಟಾಸ್ಬಪೌನಿಯ ಹುಡುಗರು
ಎರಡು ದೋಣಿ ತುಂಬ ಗದ್ದಲ ಹೇರಿಕೊಂಡು ಬಂದರು.
ನಾನು ಪ್ಲೇಟಿನ ಹಿಂದೆ, ಆತ ಫಸ್ಟ್ ಬೇಸಿನ ಗೆರೆಯಾಚೆ.
ಏಳನೆಯ ಇನಿಂಗ್ಸ್. ಶಾರ್ಟ್‌ಸ್ಟಾಪ್ ಕಡೆಗೆ ಪುಟಿಯುತ್ತ ಹೋದ ಚೆಂಡು.
ಮುಖವಾಡ ಎಡಗೈಯಲ್ಲಿ ಕಿತ್ತುಕೊಂಡು
ಓಡುವವನ ಬೆನ್ನಿಗೇ ಅರ್ಧ ದಾರಿ ಓಡಿ ನಿಂತೆ.

ಕಾಲು.
ಆಮೇಲೆ ಟಪ್ಪೆಂದಿತು ತೊಗಲು.
ನಡುವೆ ಅಕ್ಕಿಕಾಳಿನಷ್ಟು ಬಿಡುವು.

ವಿಲ್ಮೋರ್ ಮುಷ್ಟಿ ಎತ್ತಿದ: ಔಟ್.

ಆತ ಕೋಳಿಯ ಹಾಗೆ ಕತ್ತು ಓರೆ ಮಾಡಿ ನಿಂತಿದ್ದ,
ಬಲಗಿವಿ ಬೇಸಿಗೆ, ಕಣ್ಣು ಎತ್ತಲೋ ಬಾದಾಮಿ ಮರದ ಕಡೆಗೆ.
ಲಾಬ್‌ಸ್ಟರ್ ಹಿಡಿಯಲು ಮುಳುಗಿದ ಹದಿನಾಲ್ಕು ವರ್ಷ
ಎಡಗಿವಿಯನ್ನು ತಳದಲ್ಲೇ ಇಟ್ಟುಕೊಂಡಿದ್ದವು.
ಈಗ ಇನ್ನೊಂದನ್ನೂ ಕೇಳತೊಡಗಿವೆಯೇನೋ.

ಟಾಸ್ಬಪೌನಿಯ ಮ್ಯಾನೇಜರ್ ಟೋಪಿ ನೆಲಕ್ಕೆ ಬಡಿದು ನನ್ನತ್ತ ಬಂದ.
"ನೀನು ನೋಡಿದೆ, ಹುಡುಗಿ. ಹೇಳು."
ನೋಡಿದ್ದೆ. ಕೇಳಿಯೂ ಇದ್ದೆ.
ಆದರೆ ನಿಯಮವಿದೆ: ಇನ್ನೊಬ್ಬ ಅಂಪೈರನ ತೀರ್ಪಿನಲ್ಲಿ ಬಾಯಿ ಹಾಕಬಾರದು,
ತಾನಾಗಿ ಬಂದು ಕೇಳಿದರೆ ಮಾತ್ರ.

ಕೇಳಲಾರದವನು ಕೇಳಬೇಕು.

ಮೈದಾನಕ್ಕೆ ಬೆನ್ನು ಮಾಡಿ ಪ್ಲೇಟಿನ ಧೂಳು ಗುಡಿಸಿದೆ.
ಧೂಳಿರಲಿಲ್ಲ. ಆದರೂ ಮೂಲೆ ಮೂಲೆ ಗುಡಿಸಿದೆ,
ಆತನಿಗೆ ಬರಲು ಹೊತ್ತು ಸಿಗಲೆಂದು.
ಬರಲಿಲ್ಲ. ನಾಲ್ಕು ಮೂರಕ್ಕೆ ಆಟ ಮುಗಿಯಿತು,
ದೋಣಿಗಳು ಬೈಯುತ್ತ ಹೊರಟುಹೋದವು.

ಸಂಜೆ ಕಟ್ಟೆಯ ಮೇಲೆ, ಬೂಟು ಬಿಚ್ಚಿ,
ತೆಂಗಿನ ಹಾಲಿನ ಬ್ರೆಡ್ಡು ಮುರಿಯುತ್ತ ಕೂತೆವು.
ಎಡಗಡೆಗಿದ್ದವಳು ಎದ್ದು ಬಲಕ್ಕೆ ಬಂದೆ. ಆತ ಅದನ್ನು ಗಮನಿಸಿದ.
"ಮುಂದಿನ ವಾರ ಬೇಸು ನಿನಗೆ. ಪ್ಲೇಟಿನ ಹಿಂದೆ ನಾನು ಕೂರುತ್ತೇನೆ."
"ಮಂಡಿ?"
"ಮಂಡಿ ಹೇಗೋ ಬಗ್ಗುತ್ತದೆ."
ಆಮೇಲೆ ನೀರಿನತ್ತ ನೋಡುತ್ತಲೇ, "ಎಷ್ಟಿತ್ತು, ನಡುವೆ?"

ಬ್ರೆಡ್ಡಿನಿಂದ ಒಂದು ಚೂರು ಚಿವುಟಿ
ಎರಡು ಬೆರಳ ನಡುವೆ ಹಿಡಿದು ತೋರಿಸಿದೆ.
ಆತ ಅದನ್ನು ತೆಗೆದುಕೊಂಡು, ತಿರುಗಿಸಿ ನೋಡಿ,
ಬಾಯಿಗೆ ಹಾಕಿಕೊಂಡ.